ಸೊಂಟ ಇಳಿಬಿದ್ದ ಪ್ರಾಣಿ

ಆಫ್ರಿಕಾದ ಗೇಮ್ ವಾರ್ಡನ್‌ಗಳು ನಿಗೂಢ ಮೃಗಗಳ ಸುದ್ದಿಯ ಬೆನ್ನು ಹತ್ತಿದ ಕಾಲ ಹೋಗಿ, ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ಕ್ಯಾಮೆರಾಗಳು ಕಣ್ಣು ಬಿಟ್ಟು ಕೂತ ಕಾಲ ಬಂದಿದೆ. ಕಾಡುಪ್ರಾಣಿಯನ್ನು ಮೊದಲು ಕಾಣುವವರು ಮಾತ್ರ ಅಂದಿಗೂ ಇಂದಿಗೂ ಕಾಡಂಚಿನ ಜನರೇ. ಅವರ ಮಾತು ಯಾರ ಕಿವಿಗೆ ಬೀಳುತ್ತಿದೆ?

ಮಾಗಿಯ ಒಂದು ಬೆಳಗನ್ನು ನೆನೆಸಿಕೊಳ್ಳಿ. ಶಿರಾದಿಂದ ಪಾವಗಡದ ಕಡೆಗೆ ಹೋಗುವ ದಾರಿಯ ಯಾವುದೋ ಹಟ್ಟಿ. ಜಾಲಿಮುಳ್ಳು ಒಟ್ಟಿ ಕಟ್ಟಿದ ರೊಪ್ಪದ ಬೇಲಿ ಒಂದು ಕಡೆ ಕುಸಿದಿದೆ. ಒಂದು ಕುರಿಮರಿ ಕಾಣೆಯಾಗಿದೆ. ರಾತ್ರಿ ಕಾವಲಿಗೆ ಮಲಗಿದ್ದ ಹುಡುಗನ ಸುತ್ತ ಜನ ಸೇರಿದ್ದಾರೆ.

“ಚಿರತೆ ಅಲ್ಲ ಕಣಣ್ಣ. ಚಿರತೆ ನಾನು ನೋಡಿಲ್ವಾ? ಇದು ಮುಂದ್ಗಡೆ ಎತ್ರ, ಹಿಂದೆ ಸೊಂಟ ಇಳಿಬಿದ್ದಿತ್ತು. ಕಿವಿ ಕತ್ತೆ ಕಿವಿ ಇದ್ದಂಗೆ. ಕತ್ತಿನ ಮೇಲಿನ ಕೂದ್ಲು ನೆಟ್ಟಗೆ ನಿಂತಿತ್ತು.”

“ನಿದ್ದೆಗಣ್ಣಲ್ಲಿ ಏನ್ ಕಂಡ್ಯೋ ಏನೋ, ಬುಡ್ಲಾ.”

ಮಧ್ಯಾಹ್ನದ ಹೊತ್ತಿಗೆ ಮೊಬೈಲುಗಳಲ್ಲಿ ‘ವಿಚಿತ್ರ ಪ್ರಾಣಿ’ಯ ಸುದ್ದಿ ಹರಿದಾಡುತ್ತದೆ. ಸಂಜೆಗೆ ಅದಕ್ಕೆ ಯಾವುದೋ ದೇಶದ ಯಾವುದೋ ಮೃಗದ ಚಿತ್ರ ಅಂಟಿಕೊಳ್ಳುತ್ತದೆ. ಮೂರನೆಯ ದಿನಕ್ಕೆ ಎಲ್ಲವೂ ಮರೆತುಹೋಗುತ್ತದೆ. ಹುಡುಗ ಹೇಳಿದ ನಾಲ್ಕು ಗುರುತುಗಳನ್ನು ಮಾತ್ರ ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ಎತ್ತರದ ಹೆಗಲು, ಇಳಿಬಿದ್ದ ಹಿಂಭಾಗ, ಕತ್ತೆಯಂಥ ಕಿವಿ, ನೆಟ್ಟಗೆ ನಿಂತ ಕೇಸರ: ಪ್ರಾಣಿಶಾಸ್ತ್ರದ ಪುಸ್ತಕವೂ ಪಟ್ಟೆಯ ಕತ್ತೆಕಿರುಬವನ್ನು ಇದಕ್ಕಿಂತ ಚೆನ್ನಾಗಿ ವರ್ಣಿಸಲಾರದು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳೆಂದರೆ ಬಂಡೆ, ಬಯಲು, ಬರ ಎಂದಷ್ಟೇ ಹೊರಗಿನವರು ತಿಳಿದಿರುತ್ತಾರೆ. ಇಲ್ಲಿನ ಬಂಡೆಯ ಪೊಟರೆಗಳಲ್ಲಿ ಕರಡಿ ಮಲಗುತ್ತದೆ, ಬೀಳಿನಲ್ಲಿ ತೋಳ ಓಡಾಡುತ್ತದೆ, ಕುರುಚಲು ಕಾಡಿನಲ್ಲಿ ಚಿರತೆ ಮರಿ ಹಾಕುತ್ತದೆ. ಇಷ್ಟೊಂದು ಮೃಗಗಳ ನಡುವೆ ಬದುಕುವ ಜನರ ಸಾಕ್ಷ್ಯಕ್ಕೆ ಬೆಲೆ ಸಿಗದಿರುವುದು ಇಂದಿನ ಕಥೆಯೂ ಅಲ್ಲ, ಈ ಸೀಮೆಯೊಂದರ ಕಥೆಯೂ ಅಲ್ಲ. ಅದಕ್ಕೊಂದು ಉದ್ದನೆಯ ಚರಿತ್ರೆಯಿದೆ.

ಉಗಾಂಡಾದ ವಾರ್ಡನ್

ಚಾರ್ಲ್ಸ್ ಪಿಟ್‌ಮನ್ ಹುಟ್ಟಿದ್ದು 1890ರಲ್ಲಿ, ನಮ್ಮ ಮುಂಬಯಿಯಲ್ಲಿ. ಭಾರತದ ಸೈನ್ಯದಲ್ಲಿ ದುಡಿದು ಆಫ್ರಿಕಾ ಸೇರಿದ ಆತ 1925ರಲ್ಲಿ ಉಗಾಂಡಾದ ಗೇಮ್ ವಾರ್ಡನ್ ಆದ. 1951ರವರೆಗೂ ಆ ಹುದ್ದೆಯಲ್ಲಿದ್ದ. ಬೇಟೆಯ ಕಾಯ್ದೆ ಜಾರಿ ಮಾಡುವುದು, ಹೊಲಕ್ಕೆ ನುಗ್ಗುವ ಆನೆಗಳನ್ನು ತಡೆಯುವುದು, ನರಭಕ್ಷಕ ಸಿಂಹಗಳ ದೂರು ಬಂದಲ್ಲಿಗೆ ಹೋಗುವುದು ಅವನ ಕೆಲಸ. ಅದರ ಜೊತೆಗೆ ಇನ್ನೊಂದು ಬಗೆಯ ವರದಿಗಳೂ ವಾರ್ಡನ್‌ಗಳ ಮೇಜಿಗೆ ಬರುತ್ತಿದ್ದವು: ಯಾವ ಪುಸ್ತಕದಲ್ಲೂ ಇಲ್ಲದ ಮೃಗ ಕಂಡಿತು ಎಂಬ ವರದಿಗಳು.

1930ರ ದಶಕದ ಆರಂಭದಲ್ಲಿ ಪಿಟ್‌ಮನ್‌ನನ್ನು ಉತ್ತರ ರೊಡೇಷಿಯಾಕ್ಕೆ, ಅಂದರೆ ಇಂದಿನ ಜಾಂಬಿಯಾಕ್ಕೆ, ಎರವಲು ಕಳಿಸಿದ್ದರು. ಅಂಗೋಲಾ ಮತ್ತು ಕಾಂಗೋ ಗಡಿಯ ಜೌಗು ಕಾಡುಗಳಲ್ಲಿ ಹಾರುವ ಒಂದು ಭಯಂಕರ ಜೀವಿಯಿದೆ, ಅದನ್ನು ಕಂಡವರು ಉಳಿಯುವುದಿಲ್ಲ ಎಂಬ ಮಾತು ಅಲ್ಲಿ ಅವನ ಕಿವಿಗೆ ಬಿತ್ತು. 1942ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಅವನು ಅದನ್ನು ದಾಖಲಿಸಿದ. ಅದಕ್ಕೂ ಮುಂಚೆ, 1923ರಲ್ಲಿ, ಫ್ರಾಂಕ್ ಮೆಲಂಡ್ ಎಂಬ ಆಡಳಿತಾಧಿಕಾರಿ ಅದೇ ಪ್ರಾಂತದ ‘ಕೊಂಗಮಾಟೊ’ ಎಂಬ ಜೀವಿಯ ಬಗ್ಗೆ ಬರೆದಿದ್ದ. ಮೆಲಂಡ್ ಊರವರ ಮುಂದೆ ಚಿತ್ರಗಳ ಪುಸ್ತಕ ಬಿಚ್ಚಿ ‘ಇದೇನಾ, ಅದೇನಾ’ ಎಂದು ಕೇಳಿದ. ಜನ ಕೋಟ್ಯಂತರ ವರ್ಷಗಳ ಹಿಂದೆ ಅಳಿದುಹೋದ ಹಾರುವ ಸರೀಸೃಪದ ಚಿತ್ರದ ಮೇಲೆ ಬೆರಳಿಟ್ಟರು.

ತನಿಖೆ ಎಲ್ಲಿ ದಾರಿ ತಪ್ಪುತ್ತದೆ ಎನ್ನುವುದಕ್ಕೆ ಇದು ಒಳ್ಳೆಯ ಪಾಠ. ಸಾಕ್ಷಿ ತನ್ನ ಮಾತಿನಲ್ಲಿ ಹೇಳಿ ಮುಗಿಸುವ ಮೊದಲೇ ಚಿತ್ರ ತೋರಿಸಿದರೆ, ಆಮೇಲೆ ಅವನ ನೆನಪು ಆ ಚಿತ್ರದ ಆಕಾರಕ್ಕೇ ಬಗ್ಗುತ್ತದೆ. ನಮ್ಮ ಹಟ್ಟಿಯ ಹುಡುಗನಿಗೆ ಮೊಬೈಲಿನಲ್ಲಿ ಬಂದ ಚಿತ್ರ ತೋರಿಸಿ ‘ಇದೇ ತಾನೇ’ ಎಂದು ಕೇಳುವವರು ಮಾಡುವುದೂ ಇದನ್ನೇ.

ಉಗಾಂಡಾದ ಪಕ್ಕದ ಕೀನ್ಯಾದಲ್ಲಿ ‘ನಂದಿ ಕರಡಿ’ಯ ಸುದ್ದಿ ದಶಕಗಟ್ಟಲೆ ಸದ್ದು ಮಾಡಿತು. ನಂದಿ ಎಂದರೆ ಅಲ್ಲಿನ ಒಂದು ಜನಾಂಗ. ನಮ್ಮ ನಂದಿಬೆಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಆಫ್ರಿಕಾದ ಆ ಭಾಗದಲ್ಲಿ ಕರಡಿಗಳೇ ಇಲ್ಲ. ಆದರೂ ಎತ್ತರದ ಹೆಗಲಿನ, ಇಳಿಜಾರು ಬೆನ್ನಿನ, ರಾತ್ರಿ ಹೊತ್ತು ಸುಳಿದಾಡುವ ಮೃಗವನ್ನು ಕಂಡವರು ಒಬ್ಬಿಬ್ಬರಲ್ಲ. ಅವರು ಕಂಡದ್ದರಲ್ಲಿ ಹೆಚ್ಚಿನವು ಕಿರುಬ ಇಲ್ಲವೇ ತರಕರಡಿ ಎಂಬುದು ಹಲವರ ತೀರ್ಮಾನ. ಅಂದರೆ ಶಿರಾದ ಹುಡುಗ ಕಂಡ ಬೆನ್ನನ್ನೇ ನಂದಿ ಜನರೂ ಕಂಡಿದ್ದಿರಬೇಕು.

ಕೀನ್ಯಾದ ಅಬರ್ಡೇರ್ ಬೆಟ್ಟಗಳಲ್ಲಿ ಮೈಯೆಲ್ಲ ಚುಕ್ಕೆಯಿರುವ ಸಣ್ಣ ಸಿಂಹ, ‘ಮರೋಜಿ’, ಇದೆಯೆಂಬ ಮಾತಿತ್ತು. 1931ರಲ್ಲಿ ಒಬ್ಬ ರೈತ ಅಲ್ಲಿ ಅಂಥ ಎರಡನ್ನು ಹೊಡೆದ. ಚರ್ಮಗಳು ನೈರೋಬಿಯ ಗೇಮ್ ಇಲಾಖೆಯ ಗಮನ ಸೆಳೆದವು. ಆರ್. ಇ. ಡೆಂಟ್ ಎಂಬ ವಾರ್ಡನ್ ತಾನೇ ನಾಲ್ಕನ್ನು ಕಂಡಿದ್ದಾಗಿ ಹೇಳಿದ. ಸಿಂಹದ ಮರಿಗಳಿಗೆ ಚುಕ್ಕೆಯಿರುವುದು ಸಹಜ, ಕೆಲವಕ್ಕೆ ಬೆಳೆದ ಮೇಲೂ ಅವು ಮಾಸುವುದಿಲ್ಲ. ಮರೋಜಿ ಬೇರೆಯೇ ಜಾತಿಯೆಂದು ತೀರ್ಮಾನಿಸುವಷ್ಟು ಪುರಾವೆ ಮುಂದೆ ಸಿಗಲಿಲ್ಲ.

ಹಾಗೆಂದು ಹಳ್ಳಿಗನ ಮಾತೆಲ್ಲ ಹೀಗೆ ಕರಗಿಹೋಗಲಿಲ್ಲ. ಕಾಂಗೋ ಕಾಡಿನ ಜನ ಕತ್ತೆಯಂಥ, ಕಾಲಲ್ಲಿ ಪಟ್ಟೆಯಿರುವ ಪ್ರಾಣಿಯೊಂದರ ಬಗ್ಗೆ ಹೇಳುತ್ತಲೇ ಇದ್ದರು. ಉಗಾಂಡಾದಲ್ಲಿ ಅಧಿಕಾರಿಯಾಗಿದ್ದ ಹ್ಯಾರಿ ಜಾನ್‌ಸ್ಟನ್ ಅದನ್ನು ಕಿವಿಗೊಟ್ಟು ಕೇಳಿ, ಚರ್ಮದ ತುಂಡುಗಳನ್ನು ಸಂಪಾದಿಸಿ ಲಂಡನ್ನಿಗೆ ಕಳಿಸಿದ. ಪಂಡಿತರು ಅದನ್ನು ಕುದುರೆಯ ಜಾತಿಗೆ ಸೇರಿಸಿದರು. 1901ರಲ್ಲಿ ತಲೆಬುರುಡೆ ಕೈಗೆ ಬಂದಾಗ ಅದು ಜಿರಾಫೆಯ ಹತ್ತಿರದ ನೆಂಟ ಎಂದು ತಿಳಿಯಿತು. ಅದೇ ಒಕಾಪಿ. ಲೋಕಕ್ಕೆಲ್ಲ ನಿಗೂಢವಾಗಿದ್ದ ಪ್ರಾಣಿ ಆ ಕಾಡಿನವರಿಗೆ ದಿನಬೆಳಗಾದರೆ ಎದುರಾಗುವ ನೆರೆಯದ್ದಾಗಿತ್ತು.

ಕರಡಿಗೆ ಸಿಕ್ಕ ತಪ್ಪು ಹೆಸರು

ಇಂಥ ಎಡವಟ್ಟು ನಮ್ಮ ಮಧುಗಿರಿ ಬೆಟ್ಟದ ಕರಡಿಗೂ ಆಗಿದೆ. ಇಂಗ್ಲೆಂಡಿಗೆ ತಲುಪಿದ ನಮ್ಮ ಕರಡಿಯೊಂದನ್ನು 1791ರಲ್ಲಿ ಜಾರ್ಜ್ ಶಾ ಎಂಬ ವಿಜ್ಞಾನಿ ಪರೀಕ್ಷಿಸಿದ. ಉದ್ದನೆಯ ಬಾಗಿದ ಉಗುರು, ಜಡೆಗಟ್ಟಿದ ಕೂದಲು, ಮೇಲಿನ ಸಾಲಿನ ಮುಂದೆ ಎರಡು ಬಾಚಿಹಲ್ಲುಗಳ ಜಾಗ ಖಾಲಿ. ಇದು ದಕ್ಷಿಣ ಅಮೆರಿಕದಲ್ಲಿ ಮರಕ್ಕೆ ಜೋತುಬೀಳುವ ‘ಸ್ಲಾತ್’ ಎಂಬ ಪ್ರಾಣಿಯ ಬಂಧುವೆಂದು ಬಗೆದು ಹಾಗೆಯೇ ನಾಮಕರಣ ಮಾಡಿದ. ಅದು ಕರಡಿಯೇ ಎಂದು ಯುರೋಪಿಗೆ ಮನವರಿಕೆಯಾಗಲು ವರ್ಷಗಳೇ ಬೇಕಾದವು. ಇಂಗ್ಲಿಷಿನಲ್ಲಿ ಇವತ್ತಿಗೂ ಅದು ‘ಸ್ಲಾತ್ ಬೇರ್’.

ಆ ಖಾಲಿ ಜಾಗದ ಗುಟ್ಟು ಹುತ್ತದಲ್ಲಿದೆ. ಕರಡಿ ಉಗುರಿನಿಂದ ಹುತ್ತ ಒಡೆದು, ಮೂತಿ ತೂರಿಸಿ, ಮೊದಲು ಮಣ್ಣು ಊದಿ, ಆಮೇಲೆ ಗೆದ್ದಲನ್ನು ಸೊರ್ರನೆ ಹೀರುತ್ತದೆ. ಎರಡು ಹಲ್ಲಿಲ್ಲದ ಆ ಕಂಡಿ ಅದಕ್ಕೆ ಕೊಳವೆಯಿದ್ದಂತೆ. ಸದ್ದು ದೂರದವರೆಗೆ ಕೇಳುತ್ತದೆ. ಸೌದೆಗೆ ಹೋಗುವ ಹೆಂಗಸರು ಆ ಸದ್ದು ಕಿವಿಗೆ ಬಿದ್ದೊಡನೆ ದಾರಿ ಬದಲಿಸುತ್ತಾರೆ. ಇಂಗ್ಲೆಂಡಿನಲ್ಲಿ ಪರೀಕ್ಷೆಗೆ ಸಿಕ್ಕ ಪ್ರಾಣಿಯಲ್ಲಿ ಶಾ ಕಾಣದ್ದನ್ನು ಈ ಸೀಮೆಯವರು ಸದ್ದಿನಲ್ಲೇ ಗುರುತಿಸುತ್ತಿದ್ದರು. ಮಧುಗಿರಿ ತಾಲ್ಲೂಕಿನ ತಿಮ್ಲಾಪುರದ ಕಾಡು ಈಗ ವನ್ಯಜೀವಿಧಾಮವಾಗಿದೆ. ಅಲ್ಲಿ ಕಾಯಬೇಕಾದ ಮುಖ್ಯ ಜೀವ ಈ ಕರಡಿಯೇ.

ಇದಕ್ಕೆ ತದ್ವಿರುದ್ಧವಾದ ಕಥೆ ಉಡದ್ದು. ಒಂದು ಕಡಿತಕ್ಕೆ ಮನುಷ್ಯ ಸಾಯುವಂಥ ಹಲ್ಲಿಯೊಂದು ಭಾರತದಲ್ಲಿದೆ, ಅದರ ಹೆಸರು ‘ಬಿಸ್‌ಕೋಬ್ರಾ’ ಎಂಬ ಮಾತು ಸಾಹೇಬರ ಬಂಗಲೆಗಳಲ್ಲಿ ಹಬ್ಬಿತ್ತು. ಸುಂಕದ ಇಲಾಖೆಯಲ್ಲಿದ್ದ, ಕಾರವಾರದಲ್ಲೂ ಕೆಲಸ ಮಾಡಿದ್ದ ಎಡ್ವರ್ಡ್ ಹ್ಯಾಮಿಲ್ಟನ್ ಏಟ್‌ಕನ್ 1883ರ ತನ್ನ ಪುಸ್ತಕದಲ್ಲಿ ಈ ಭಯವನ್ನು ಬಿಡಿಸಿ ನೋಡಿದ. ಅಂಥ ವಿಷದ ಹಲ್ಲಿ ನಮ್ಮಲ್ಲಿಲ್ಲ. ಜನ ಹೆದರಿ ಬಡಿಯುತ್ತಿದ್ದುದು ಬಹುಪಾಲು ಉಡದ ಮರಿಯನ್ನು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹುಟ್ಟಿದ್ದೂ ಅದೇ 1883ರಲ್ಲಿ, ಅದನ್ನು ಕಟ್ಟಿದವರಲ್ಲಿ ಏಟ್‌ಕನ್ ಒಬ್ಬ. ಹಾವುರಾಣಿಯನ್ನು ವಿಷವೆಂದು ಬೆನ್ನಟ್ಟಿ ಹೊಡೆಯುವ ನಮ್ಮ ಊರುಗಳಿಗೆ ಅವನ ಮಾತು ಈಗಲೂ ಬೇಕು. ಕಂಡವರ ಮಾತನ್ನು ಗೌರವಿಸುವುದೆಂದರೆ ಹೇಳಿದ್ದನ್ನೆಲ್ಲ ನಂಬುವುದಲ್ಲ, ಪರೀಕ್ಷಿಸುವಷ್ಟು ಬೆಲೆ ಕೊಡುವುದು.

ಹೆಸರು ಕೇಳಿ ಬರೆದುಕೊಂಡವರು

ಮೈಸೂರು ಸೀಮೆಯಲ್ಲಿ ಇಂಥ ಕೆಲಸಕ್ಕೆ ಹತ್ತಿರವಾದವನು ಜಾರ್ಜ್ ಸ್ಯಾಂಡರ್ಸನ್. ಖೆಡ್ಡಾದಲ್ಲಿ ಆನೆ ಹಿಡಿಯುವ ಸರ್ಕಾರಿ ಕೆಲಸದ ಮುಖ್ಯಸ್ಥನಾಗಿದ್ದ ಅವನು ಕನ್ನಡ ಕಲಿತಿದ್ದ. ಸೋಲಿಗರು, ಕುರುಬರು ಅವನ ಜಾಡು ಹಿಡಿಯುವ ಗುರುಗಳು. ಕಾಡಿನಲ್ಲಿ ಸತ್ತ ಆನೆಯ ಹೆಣ ಯಾಕೆ ಕಣ್ಣಿಗೆ ಬೀಳುವುದಿಲ್ಲ ಎಂಬಂಥ ಪ್ರಶ್ನೆಗಳನ್ನೂ 1878ರಲ್ಲಿ ಬಂದ ಅವನ ಪುಸ್ತಕ ಗಂಭೀರವಾಗಿ ಕೈಗೆತ್ತಿಕೊಂಡಿತು.

ಅದೇ ಶತಮಾನದಲ್ಲಿ ಜೆರ್ಡನ್, ಸ್ಟರ್ನ್‌ಡೇಲ್ ಮೊದಲಾದವರು ಭಾರತದ ಸಸ್ತನಿಗಳ ಬಗ್ಗೆ ಬರೆದ ಪುಸ್ತಕಗಳಲ್ಲಿ ಅನೇಕ ಪ್ರಾಣಿಗಳ ಮುಂದೆ ದೇಶಭಾಷೆಗಳ ಹೆಸರುಗಳಿವೆ. ಕನ್ನಡದ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿ ಸ್ವಲ್ಪ ಸೊಟ್ಟಗಾಗಿದ್ದರೂ ಕನ್ನಡಿಗನ ಕಿವಿಗೆ ಪರಿಚಿತ: ಕಿರ್ಬ, ತೋಳ, ಹೊನಿಗ. ಚಿರತೆಗೆ ಅಲ್ಲಿರುವ ‘ಕೆರ್ಕಲ್’ ಎಂಬ ಹೆಸರು ಓದಿದಾಗ ನೆನಪಾಗುವುದು ಪೂರ್ಣಚಂದ್ರ ತೇಜಸ್ವಿ. ಕೆನೆತ್ ಆಂಡರ್ಸನ್‌ನ ಕಾಡಿನ ಕಥೆಗಳನ್ನು ಕನ್ನಡಕ್ಕೆ ತಂದಾಗ ಅವರು ಒಂದು ಸಂಪುಟಕ್ಕೆ ‘ಜಾಲಹಳ್ಳಿಯ ಕುರ್ಕ’ ಎಂದು ಹೆಸರಿಟ್ಟರು. ಕೊರಟಗೆರೆಗೆ ಹತ್ತಿರದ ದೇವರಾಯನದುರ್ಗದ ಹುಲಿಯೊಂದರ ಮೇಲೂ ಆಂಡರ್ಸನ್ ಕಥೆ ಬರೆದಿದ್ದಾನೆ. ಹುಲಿಯ ಹೆಜ್ಜೆ ಬಿದ್ದಿದ್ದ ಆ ಬೆಟ್ಟದಲ್ಲೇ ಜಯಮಂಗಲಿ ಹುಟ್ಟಿ ಕೊರಟಗೆರೆ, ಮಧುಗಿರಿಗಳ ಕಡೆ ಹರಿಯುತ್ತದೆ.

ಜೆರ್ಡನ್, ಸ್ಟರ್ನ್‌ಡೇಲ್ ಮೊದಲಾದವರ ಆ ಪುಸ್ತಕಗಳಲ್ಲಿ ಇನ್ನೊಂದು ಕನ್ನಡ ಹೆಸರಿದೆ, ‘ಸಿವಂಗಿ’. ಬೇಟೆಗೆ ಪಳಗಿಸುತ್ತಿದ್ದ ಚೀತಾಕ್ಕೆ ಕನ್ನಡದಲ್ಲಿ ಹೀಗೆನ್ನುತ್ತಾರೆ ಎಂದು ಅವರು ಬರೆದುಕೊಂಡರು. ಅದೇ ಪದ ಕೆಲವೆಡೆ ಕಿರುಬಕ್ಕೂ ಸಲ್ಲುತ್ತಿತ್ತು. ಸಾಹೇಬರಾದರೋ ಚಿರತೆಯನ್ನೇ ಎಷ್ಟೋ ಸಲ ಚೀತಾ ಎಂದು ಕರೆದರು. ಒಂದು ಪ್ರಾಣಿಗೆ ಮೂರು ಹೆಸರು, ಒಂದು ಹೆಸರಿಗೆ ಮೂರು ಪ್ರಾಣಿ. ಈ ಸಿಕ್ಕಿನ ನಡುವೆಯೇ ನಿಜವಾದ ಚೀತಾ ಸದ್ದಿಲ್ಲದೆ ಹೊರಟುಹೋಯಿತು. ಟಿಪ್ಪು ಸುಲ್ತಾನನ ಬಳಿ ಬೇಟೆಯ ಚೀತಾಗಳಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಇಂಗ್ಲಿಷರ ಪಾಲಾದವು. 1947ರಲ್ಲಿ ಕೊರಿಯಾ ಸಂಸ್ಥಾನದ ರಾಜ ಮೂರು ಚೀತಾಗಳನ್ನು ಹೊಡೆದ. 1952ರಲ್ಲಿ ಚೀತಾ ಭಾರತದಲ್ಲಿ ಅಳಿದಿದೆ ಎಂದು ಸಾರಲಾಯಿತು. ಅದೇ 1952ರಲ್ಲಿ ಬಾಂಬೆ ಸೊಸೈಟಿಯ ಪತ್ರಿಕೆಯಲ್ಲಿ ಕಿರ್ಕ್‌ಪ್ಯಾಟ್ರಿಕ್ ಎಂಬಾತ, ನಮ್ಮ ಕೋಲಾರಕ್ಕೆ ಅಂಟಿಕೊಂಡ ಚಿತ್ತೂರು ಜಿಲ್ಲೆಯಲ್ಲಿ ಚೀತಾ ಕಂಡ ಬಗ್ಗೆ ಟಿಪ್ಪಣಿ ಬರೆದ. ಆ ಟಿಪ್ಪಣಿ ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಈ ಬಯಲುಸೀಮೆಯ ಕುರಿಗಾಹಿಗಳಲ್ಲಿ ಎಷ್ಟು ಮಂದಿ ಕಡೆಯ ಸಿವಂಗಿಯನ್ನು ಕಂಡು, ಹೇಳಿ, ಸುಳ್ಳುಗಾರರೆನಿಸಿಕೊಂಡರೋ!

ಬುಕ್ಕಾಪಟ್ಟಣದ ತಿಸ್ಕ

ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡಿನಲ್ಲಿ ನಡೆದದ್ದು ಮನಸ್ಸಿಗೆ ಸಮಾಧಾನ ಕೊಡುವ ಸಂಗತಿ. ಚಿಂಕಾರ ಎಂಬ ಹುಲ್ಲೆ ಉತ್ತರ ಕರ್ನಾಟಕದ ಒಣ ಜಿಲ್ಲೆಗಳಲ್ಲಷ್ಟೇ ಇದೆ ಎಂದು ತಿಳಿಯಲಾಗಿತ್ತು. ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಮತ್ತು ಸಂಗಡಿಗರು ಚಿರತೆಗಳ ಅಧ್ಯಯನಕ್ಕಾಗಿ ತುಮಕೂರು ಜಿಲ್ಲೆಯ ಕಾಡುಗಳಲ್ಲಿ ಕ್ಯಾಮೆರಾ ಕಟ್ಟಿದಾಗ ಬುಕ್ಕಾಪಟ್ಟಣದಲ್ಲಿ ಚಿಂಕಾರ ಸಿಕ್ಕಿಬಿದ್ದಿತು, ಚಿತ್ರದಲ್ಲಿ. ಕೊಂಡುಕುರಿಯೂ ಅಲ್ಲಿದೆ. 2019ರಲ್ಲಿ ಆ ಕಾಡು ಚಿಂಕಾರ ವನ್ಯಜೀವಿಧಾಮವಾಯಿತು.

ದೂರದಿಂದ ಕಂಡವರಿಗೆ ಚಿಂಕಾರವೂ ಜಿಂಕೆ, ಕೃಷ್ಣಮೃಗವೂ ಜಿಂಕೆ. ಹತ್ತಿರ ನೋಡಿದವರು ವ್ಯತ್ಯಾಸ ಹೇಳುತ್ತಾರೆ. ಕೃಷ್ಣಮೃಗದ ಗಂಡಿಗೆ ಕಪ್ಪು ಬೆನ್ನು, ತಿರುಚಿದ ಕೊಂಬು. ಅದಕ್ಕೆ ಬಟ್ಟಬಯಲು ಬೇಕು. ಮಧುಗಿರಿಯ ಮೈದೇನಹಳ್ಳಿಯಲ್ಲಿ 2007ರಲ್ಲಿ ಮೀಸಲಾದ 798 ಎಕರೆ ಹುಲ್ಲುಗಾವಲು ಅಂಥದ್ದು. ಚಿಂಕಾರದ ಮೈ ಮರಳಿನ ಬಣ್ಣದ್ದು, ಕೊಂಬು ತಿರುಚಿರುವುದಿಲ್ಲ, ಹೆಣ್ಣಿಗೂ ಗಿಡ್ಡ ಕೊಂಬುಂಟು, ಕಪ್ಪು ಬಾಲ ಸದಾ ಅಲ್ಲಾಡುತ್ತಿರುತ್ತದೆ. ಕುರುಚಲ ಮರೆಯಲ್ಲಿ ಒಂಟಿಯಾಗಿಯೋ ಎರಡು ಮೂರರ ಗುಂಪಿನಲ್ಲೋ ಮೇಯುತ್ತದೆ. ಕೊಂಡುಕುರಿಯ ಗಂಡಿಗೆ ಹಣೆಯ ಮೇಲೆ ನಾಲ್ಕು ಕೊಂಬು. ಅಂದಹಾಗೆ, ಆ ಹಳೆಯ ಸಾಹೇಬರ ಪುಸ್ತಕದಲ್ಲಿ ಚಿಂಕಾರಕ್ಕೂ ಕನ್ನಡದ ಹೆಸರುಗಳಿವೆ: ತಿಸ್ಕ, ಬುದಾರಿ, ಮುದಾರಿ. ಹೆಸರಿಟ್ಟವರು ಆ ಪ್ರಾಣಿಯನ್ನು ಇತರ ಹುಲ್ಲೆಗಳಿಂದ ಬೇರೆ ಮಾಡಿ ನೋಡಿದ್ದರು. ನಾವು ಎಲ್ಲವನ್ನೂ ‘ಜಿಂಕೆ’ಯೆಂಬ ಒಂದೇ ಮಾತಿಗೆ ತುಂಬಿದೆವು. ಹೆಸರು ಕಳೆದುಕೊಂಡ ಪ್ರಾಣಿ ಕಣ್ಣೆದುರಿದ್ದರೂ ಕಾಣುವುದಿಲ್ಲ.

ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿ 1980ರಲ್ಲಿ ಬಂತು. ಹಾರುವ ಓತಿಯ ಬೆನ್ನು ಹತ್ತಿದ ವಿಜ್ಞಾನಿ ಕರ್ವಾಲೊ, ಊರವರು ಲೆಕ್ಕಕ್ಕೇ ಇಡದ ಮಂದಣ್ಣನನ್ನು ತನ್ನ ಜೊತೆಗಾರನನ್ನಾಗಿ ಆರಿಸಿಕೊಳ್ಳುತ್ತಾರೆ. ಮಂದಣ್ಣ ಓತಿಯನ್ನು ಕಂಡಿದ್ದಾನೆ, ಅಷ್ಟೇ ಸಾಕು. ಕಾಡಿನ ಎಲ್ಲ ತನಿಖೆಗಳೂ ಅಲ್ಲಿಂದಲೇ ಶುರುವಾಗಬೇಕು.

ನೆಲ ಏನು ಹೇಳುತ್ತದೆ

ರೊಪ್ಪದ ಬಳಿಗೆ ಹಿಂತಿರುಗೋಣ. ಗೊತ್ತಿದ್ದವರು ಆ ಬೆಳಗ್ಗೆ ಮೊದಲು ಮಾಡುವ ಕೆಲಸವೆಂದರೆ ಜನರನ್ನು ದೂರ ನಿಲ್ಲಿಸುವುದು. ತುಳಿದು ಹಾಳಾದ ಹೆಜ್ಜೆ ಮತ್ತೆ ಸಿಗುವುದಿಲ್ಲ. ಚಿರತೆ ನಡೆಯುವಾಗ ಉಗುರು ಒಳಗೆ ಎಳೆದುಕೊಳ್ಳುತ್ತದೆ, ಆದ್ದರಿಂದ ಮಣ್ಣಿನಲ್ಲಿ ಉಗುರಿನ ಗುರುತು ಮೂಡುವುದಿಲ್ಲ. ನಾಯಿ, ತೋಳ, ಕಿರುಬಗಳದ್ದು ಮೂಡುತ್ತದೆ. ಕಿರುಬದ ಮುಂಗಾಲಿನ ಹೆಜ್ಜೆ ದೊಡ್ಡದು, ಹಿಂಗಾಲಿನದು ಚಿಕ್ಕದು. ಹುಡುಗ ಕಂಡ ‘ಮುಂದೆ ಎತ್ತರ, ಹಿಂದೆ ಇಳಿಜಾರು’ ನೆಲದ ಮೇಲೂ ಹೀಗೆ ಅಚ್ಚಾಗಿರುತ್ತದೆ. ಕರಡಿಯಾದರೆ ಐದು ಬೆರಳು, ಮುಂದೆ ಉದ್ದನೆಯ ಉಗುರಿನ ಗೀರು, ಹಿಂಗಾಲಿನದು ಮನುಷ್ಯನ ಪಾದದ ಹಾಗೆ. ಬರಿಗಾಲಿನ ಭೂತದ ಎಷ್ಟೋ ಕಥೆಗಳು ಆ ಪಾದದಿಂದಲೇ ಹುಟ್ಟಿರಬಹುದು.

ಆಮೇಲೆ, ಸತ್ತ ಕುರಿ ಸಿಕ್ಕರೆ ಅದನ್ನು ನೋಡಬೇಕು. ಗಂಟಲಿನಲ್ಲಿ ಆಳವಾದ ಹಲ್ಲಿನ ತೂತು, ಎಳೆದೊಯ್ದ ಗುರುತು ಇದ್ದರೆ ಚಿರತೆಯ ಮೇಲೆ ಅನುಮಾನ. ಹಲವು ಕುರಿಗಳ ತೊಡೆ, ಹೊಟ್ಟೆ ಹರಿದು, ತಿನ್ನದೆ ಬಿಟ್ಟಿದ್ದರೆ ಬೀದಿನಾಯಿಗಳ ಮೇಲೆ. ಮೂಳೆ ಪುಡಿಯಾಗಿದ್ದರೆ ಕಿರುಬ. ಮೂಳೆ ತಿನ್ನುವುದರಿಂದಲೇ ಅದರ ಹಿಕ್ಕೆ ಒಣಗಿದಾಗ ಸುಣ್ಣದಂತೆ ಬೆಳ್ಳಗಿರುತ್ತದೆ. ಕೊನೆಗೆ ಕ್ಯಾಮೆರಾ. ಚಿರತೆಯ ಮೈಮೇಲಿನ ಚುಕ್ಕೆ, ಕಿರುಬದ ಪಟ್ಟೆ ಎರಡೂ ನಮ್ಮ ಹೆಬ್ಬೆಟ್ಟಿನ ಗುರುತಿನಂತೆ, ಒಂದರದ್ದು ಇನ್ನೊಂದಕ್ಕಿಲ್ಲ.

ಇದಿಷ್ಟೂ ಮಾಡಲು ಇವತ್ತು ಅರಣ್ಯ ಇಲಾಖೆಯಿದೆ, ಗೌರವ ವನ್ಯಜೀವಿ ಪರಿಪಾಲಕರಿದ್ದಾರೆ, 1972ರ ಕಾಯ್ದೆಯಿದೆ. 2022ರ ತಿದ್ದುಪಡಿ ಕತ್ತೆಕಿರುಬವನ್ನು ಹುಲಿ ಚಿರತೆಗಳ ಸಾಲಿಗೆ, ಮೊದಲನೆಯ ಪರಿಚ್ಛೇದಕ್ಕೆ ಏರಿಸಿದೆ. ಇಂದಿನ ವಾರ್ಡನ್‌ಗೆ ಕೋವಿಯ ಬದಲು ಬೇಕಾದದ್ದು ಒಂದು ಪುಸ್ತಕ, ಒಂದು ಅಳತೆಪಟ್ಟಿ, ಕೇಳುವ ತಾಳ್ಮೆ. ಕುರಿ ಕಳೆದುಕೊಂಡವನಿಗೆ ಪರಿಹಾರ ಬೇಗ ತಲುಪಿದರೆ ಮುಂದಿನ ಸಲ ಅವನು ವಿಷ ಇಡುವ ಬದಲು ಸುದ್ದಿ ಕೊಡುತ್ತಾನೆ.

ತುರ್ತು ಯಾಕೆಂದರೆ ನೆಲ ಬದಲಾಗುತ್ತಿದೆ. ಕಂದಾಯದ ಕಡತದಲ್ಲಿ ‘ಬೀಳು’ ಎನಿಸಿಕೊಂಡ ಹುಲ್ಲುಗಾವಲು, ಕಲ್ಲುಗುಡ್ಡ, ಕುರುಚಲುಗಳೇ ತೋಳ, ಕಿರುಬ, ನರಿಗಳ ಮನೆ. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕು ಎದ್ದಿದೆ. ಮಳೆ ಕೈಕೊಟ್ಟ ಊರಿನ ರೈತರಿಗೆ ಅದು ಗುತ್ತಿಗೆಯ ಹಣ ತಂದಿದೆ, ಅದು ಬೇಕಾದದ್ದೇ. ಆದರೆ ಯಾವ ಬಯಲನ್ನು ಯಾವುದಕ್ಕೆ ಕೊಡಬೇಕೆಂದು ತೀರ್ಮಾನಿಸುವ ಮೊದಲು ಅಲ್ಲಿ ಯಾರು ವಾಸವಿದ್ದಾರೆ ಎಂದು ಕುರಿಗಾಹಿಯನ್ನು ಕೇಳುವ ಪದ್ಧತಿ ಬರಬೇಕು. ಖಾಲಿ ಎಂದು ಬರೆದ ಜಾಗದಲ್ಲಿ ಆಮೇಲೆ ಪ್ರಾಣಿ ಕಾಣಿಸಿಕೊಂಡರೆ ಅದು ‘ವಿಚಿತ್ರ ಪ್ರಾಣಿ’ಯಾಗುತ್ತದೆ. ನಾವು ಅದರ ಮನೆಯನ್ನು ಖಾಲಿಯೆಂದು ಬರೆದದ್ದೇ ನಿಜವಾದ ವಿಚಿತ್ರ.

ಹಟ್ಟಿಯ ಹುಡುಗ ಕಂಡದ್ದಕ್ಕೆ ಕನ್ನಡದಲ್ಲಿ ಹೆಸರು ಎಂದಿನಿಂದಲೋ ಇದೆ. ಎಷ್ಟೋ ತಲೆಮಾರುಗಳ ಹಿಂದೆ, ಇಂಥದೇ ಒಂದು ರೊಪ್ಪದ ಬಳಿ, ಯಾರೋ ಬೆಳಗ್ಗೆ ಎದ್ದು “ಕಿರುಬ, ಆದ್ರೆ ಕಿವಿ ಕತ್ತೆಯಂಗೆ” ಎಂದು ಹೇಳಿರಬೇಕು. ಸುತ್ತ ನಿಂತವರು ನಕ್ಕು ಸುಮ್ಮನಾಗಿದ್ದರೆ ಆ ಮಾತು ಅಲ್ಲೇ ಸಾಯುತ್ತಿತ್ತು. ಅವರು ನಂಬಿದರು, ತಾವೂ ಹೋಗಿ ನೋಡಿದರು, ಅದೇ ಮಾತಿನಲ್ಲಿ ಮಕ್ಕಳಿಗೂ ಹೇಳಿದರು. ಕತ್ತೆಕಿರುಬ ಎಂಬ ಪದ ನಮ್ಮ ನಾಲಿಗೆಯ ಮೇಲೆ ಉಳಿದಿರುವುದು ಆ ನಂಬಿಕೆಯಿಂದ.